ಊರಿಗೆ ಹೋದ ಮೇಲೆ

ಡಾಕ್ಟರ್ ಪರೀಖ್ ಕಡ್ಡಿಯ ತುದಿಯಿಂದ ಹೇಮಲತಾಳ ಮುಂದಿನ ಹಲ್ಲನ್ನು ಮೆಲ್ಲಗೆ ಮುಟ್ಟಿದರು. ಹಲ್ಲು ಅಲುಗಿತು. ಪಕ್ಕದ್ದನ್ನು ಮುಟ್ಟಿದರು, ಅದೂ ಅಲುಗಿತು. ಹತ್ತಿರದಲ್ಲೇ ಪೇಡೆಯ ಡಬ್ಬಿ ಹಿಡಿದು ನಿಂತಿದ್ದ ಅವಳ ಗಂಡ ಅನಂತರಾಮ, ಡಬ್ಬಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ.

ಪೇಡೆ ತಂದದ್ದು ಟ್ರಾನ್ಸ್‌ಫರ್ ಆದ ಖುಷಿಗೆ. ವಡೋದರಾದ ಬ್ಯಾಂಕಿನಲ್ಲಿ ಕೂತು ಪ್ರತಿ ಏಪ್ರಿಲ್‌ನಲ್ಲೂ ಮೈಸೂರು ಮೈಸೂರು ಎಂದು ಜಪ ಮಾಡಿದವನಿಗೆ ಕೊನೆಗೂ ಆರ್ಡರ್ ಬಂದಿತ್ತು. ಅವನ ಮನೆಯಲ್ಲಿ ಎಲ್ಲವೂ ಆ ಆರ್ಡರಿಗಾಗಿಯೇ ಕಾದು ಕೂತಿತ್ತು. ಟೀವಿ ತಂದಾಗಿನ ರಟ್ಟಿನ ಪೆಟ್ಟಿಗೆ ಮತ್ತೆ ತುಂಬಲು ಬೇಕಾಗುತ್ತದೆಂದು ಅಟ್ಟದ ಮೇಲೆ ಹಾಗೇ ಇತ್ತು. ಕಿಟಕಿಗೆ ಪರದೆಯ ಬದಲು ಹಳೆಯ ಸೀರೆ. ಬೀರು ಬೇಕೆಂದರೆ ಊರಿಗೆ ಹೋದ ಮೇಲೆ, ಮಂಚ ಬೇಕೆಂದರೆ ಊರಿಗೆ ಹೋದ ಮೇಲೆ. ಹೇಮಲತಾಳ ಒಸಡೂ ಅದೇ ಸಾಲಿನಲ್ಲಿ ನಿಂತಿತ್ತು.

ಕೆಲವು ವರ್ಷಗಳ ಹಿಂದೆ ಒಸಡು ಸರಿದು ಹಲ್ಲಿನ ಬೇರು ಕಾಣತೊಡಗಿದಾಗ ಇದೇ ಪರೀಖ್ ದಾರಿ ಹೇಳಿದ್ದರು. ಮೊದಲು ಒಸಡಿನ ಅಡಿಯವರೆಗೂ ಕ್ಲೀನ್ ಮಾಡಬೇಕು, ಅದಕ್ಕೆ ನಾಲ್ಕಾರು ಸಲ ಬರಬೇಕು. ಆಮೇಲೆ ಅಂಗುಳದಿಂದ ಚೂರು ಚರ್ಮ ತೆಗೆದು ಬೇರು ಕಂಡ ಕಡೆ ಹೊಲಿಯಬೇಕು.

"ಅರ್ಧದಲ್ಲಿ ಟ್ರಾನ್ಸ್‌ಫರ್ ಬಂದ್ರೆ ಏನ್ ಗತಿ?" ಎಂದಿದ್ದ ಅನಂತರಾಮ ಮನೆಗೆ ಬಂದು. "ಊರಿಗೆ ಹೋದ್ಮೇಲೆ ನಮ್ಮ ಡಾಕ್ಟ್ರ ಹತ್ರಾನೇ ಮಾಡಿಸೋಣ ಕಣೇ. ಇಲ್ಲಿ ನೋವು ಅನ್ನೋದನ್ನ ಹೇಗೆ ಹೇಳ್ತೀಯ ನೀನು? ನಿಂಗೆ ಹಿಂದೀನೂ ಬರಲ್ಲ."

ಹೇಮಲತಾ ನಕ್ಕಿದ್ದಳು. ಆಗೆಲ್ಲ ಅವಳು ಬಾಯಿ ತುಂಬ ನಗುತ್ತಿದ್ದಳು. ಅಲ್ಲಿಂದಾಚೆ ಉಪ್ಪುನೀರು, ಲವಂಗಗಳದ್ದೇ ಆಡಳಿತ. ಇವತ್ತೂ ಅಷ್ಟೇ, ಊರಿನ ಡಾಕ್ಟರಿಗೆ ಹೇಳಲು ಅನುಕೂಲವಾಗಲಿ, ಒಮ್ಮೆ ತೋರಿಸಿಕೊಂಡು ಹೋಗೋಣ ಎಂದು ಅವಳನ್ನು ಕರೆತಂದಿದ್ದ.

ಪರೀಖ್ ಏನೋ ಕೇಳಿದರು. ಹೇಮಲತಾ ಬಾಯಿ ಮುಕ್ಕಳಿಸಿ ಉತ್ತರ ಕೊಟ್ಟಳು. ಗುಜರಾತಿಯಲ್ಲಿ. ಎಲ್ಲೂ ತಡವರಿಸದೆ, ಕೈಯಾಡಿಸುತ್ತ, ಪಕ್ಕದ ಮನೆಯವರ ಜೊತೆ ಹರಟುವ ಹಾಗೆ ಹೇಳುತ್ತಲೇ ಹೋದಳು. ಅನಂತರಾಮನಿಗೆ ಅರ್ಥವಾದದ್ದು ರೋಟ್ಲಿ ಮತ್ತು ದಾಳ್ ಎಂಬ ಎರಡು ಮಾತು ಮಾತ್ರ. ಅವನು ಏಪ್ರಿಲ್ ಕಾಯುತ್ತಿದ್ದಾಗ ಅವಳು ಓಣಿಯ ಹೆಂಗಸರ ಜೊತೆ ಹಪ್ಪಳ ಲಟ್ಟಿಸುತ್ತ ಒಂದು ಭಾಷೆಯನ್ನೇ ಕಲಿತುಬಿಟ್ಟಿದ್ದಳು.

"ಏನಂತೆ?" ಎಂದು ಡಾಕ್ಟರನ್ನು ತನ್ನ ಬ್ಯಾಂಕಿನ ಹಿಂದಿಯಲ್ಲಿ ಕೇಳಿದ.

"ಎರಡು ವರ್ಷದಿಂದ ಏನನ್ನೂ ಕಚ್ಚಿ ತಿಂದಿಲ್ವಂತೆ, ಸಾಹೇಬ್. ರೊಟ್ಟೀನ ದಾಲ್‌ನಲ್ಲಿ ನೆನೆಸಿ ನುಂಗ್ತಾರಂತೆ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ದಿನವೂ ಎದುರುಬದುರು ಕೂತೇ ಉಣ್ಣುತ್ತಿದ್ದರು. ಮೈಸೂರಿನಿಂದ ಯಾರಾದರೂ ಕೋಡುಬಳೆ ತಂದರೆ ಅವಳು ಅಷ್ಟನ್ನೂ ಅವನ ತಟ್ಟೆಗೆ ಹಾಕಿ, "ನಿಮಗಿಷ್ಟ, ನೀವೇ ತಿನ್ನಿ" ಎನ್ನುತ್ತಿದ್ದಳು. ಅದನ್ನು ಪ್ರೀತಿ ಎಂದುಕೊಂಡು ಅವನು ಕಟಕಟ ತಿಂದಿದ್ದ. ಪ್ರೀತಿಯೂ ಇದ್ದಿರಬಹುದು. ಅನಂತರಾಮನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಅಂಗುಳದ ಚರ್ಮ ತೆಗೆದು ಹೊಲೀಬೇಕು ಅಂದಿದ್ರಲ್ಲ, ಅದನ್ನೇ ಮಾಡಿ ಡಾಕ್ಟ್ರೇ."

"ಅದು ಆಗಿನ ಮಾತು. ಆಗ ಒಸಡು ಮಾತ್ರ ಸರಿದಿತ್ತು, ಈಗ ಒಳಗೆ ಮೂಳೆಯೇ ಕರಗಿದೆ. ಹೊಲಿದರೂ ಹಲ್ಲು ನಿಲ್ಲಲ್ಲ." ಪರೀಖ್ ಕೈಗವಸು ಬಿಚ್ಚಿದರು. "ಮುಂದಿನ ನಾಲ್ಕನ್ನೂ ತೆಗೀಬೇಕು. ಗಾಯ ಮಾಯೋಕೆ ಎರಡು ಮೂರು ತಿಂಗಳು. ಆಮೇಲೆ ಹಲ್ಲು ಕಟ್ಟಿಸಬಹುದು."

"ಇಲ್ಲೇ ಮಾಡಿಸೋಣ ಹೇಮಾ," ಎಂದ ಅನಂತರಾಮ. "ರಜ ಹಾಕ್ತೀನಿ. ರಿಲೀವ್ ಆಗೋದನ್ನ ಮುಂದಕ್ಕೆ ಹಾಕಿಸ್ಕೋತೀನಿ. ಬೇಡ ಅಂದ್ರೆ ಆರ್ಡರೇ ಬೇಡ. ಇವತ್ತೇ ಶುರು ಮಾಡಿಸೋಣ."

ಹೇಮಲತಾ ಕುರ್ಚಿಯಿಂದ ಇಳಿದು ಸೆರಗು ಸರಿಮಾಡಿಕೊಂಡಳು. ಅವನ ಕೈಯಲ್ಲಿ ಹಾಗೇ ಉಳಿದಿದ್ದ ಡಬ್ಬಿಯನ್ನು ತೆಗೆದುಕೊಂಡು, ಮುಚ್ಚಳ ತೆರೆದು ಡಾಕ್ಟರಿಗೆ ಪೇಡೆ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು, ಹಠ ಮಾಡುವ ಮಗುವಿಗೆ ಹೇಳುವ ಹಾಗೆ ಹೇಳಿದಳು:

"ಈಗ್ಯಾಕೆ ಅವಸರ ಬಿಡಿ. ಊರಿಗೆ ಹೋದ್ಮೇಲೆ ನೋಡೋಣ."