ಖಾಲಿ ಬಂದ ಡಬ್ಬಿ

ಮುಠಾ ನದಿಯ ನಡುಗಡ್ಡೆಗೆ ಹೊರಟಿದ್ದ ರೋಪ್‌ವೇ ಟ್ರಾಲಿ ಅರ್ಧ ದಾರಿಯಲ್ಲಿ ಗಕ್ಕನೆ ನಿಂತಿತು. ಒಳಗಿದ್ದವರು ಇಬ್ಬರೇ, ಅಂಬಾಬಾಯಿ ಮತ್ತು ನೀಲಿಮಾ. ಮರಾಠಿ ಸೀಮೆಯ ಕೋಥರೂಡದ ಒಂದೇ ಹೌಸಿಂಗ್ ಸೊಸೈಟಿ, ಎದುರುಬದುರು ಮನೆ. ಆದರೆ ಸಂಕ್ರಾಂತಿಯಿಂದ ಮಾತಿಲ್ಲ. ಸೊಸೈಟಿ ಟ್ರಿಪ್ಪಿನ ಗದ್ದಲದಲ್ಲಿ ಯಾರೋ ಇಬ್ಬರನ್ನೂ ಒಂದೇ ಟ್ರಾಲಿಗೆ ತಳ್ಳಿ ಬಾಗಿಲು ಹಾಕಿದ್ದರು.

ಮಾತು ಬಿಡಲು ಕಾರಣ ಒಂದು ಸ್ಟೀಲ್ ಡಬ್ಬಿ. ಸಂಕ್ರಾಂತಿಗೆ ಅಂಬಾಬಾಯಿ ಅದರ ತುಂಬ ಶೇಂಗಾ ಹೋಳಿಗೆ ಕಳಿಸಿದ್ದರು. ಡಬ್ಬಿ ಖಾಲಿ ಮರಳಿತು, ಒಂದು ಚಮಚ ಸಕ್ಕರೆ ಕೂಡ ಇಲ್ಲ. ಧಾರವಾಡದ ಹೆಣ್ಣುಮಗಳಿಗೆ ಇಷ್ಟೂ ರೀತಿ ಗೊತ್ತಿಲ್ಲವೇ ಎಂದು ಅಂಬಾಬಾಯಿ ಬಾಯಿ ಹೊಲಿದುಕೊಂಡರು. ಹೊಲಿದುಕೊಂಡ ಮೇಲೆ ತಿಳಿಯಿತು, ಆ ಸೊಸೈಟಿಯಲ್ಲಿ ಕನ್ನಡದಲ್ಲಿ ಜಗಳವಾಡುವುದಕ್ಕೂ ಇನ್ನೊಬ್ಬರಿಲ್ಲ. ಒಳಗೊಳಗೇ ಬೇಸರವಾಗುತ್ತಿತ್ತು.

ಗಾಳಿಗೆ ಟ್ರಾಲಿ ತೂಗಿತು. ನೀಲಿಮಾ ಕಣ್ಣು ಮುಚ್ಚಿ ಸೀಟು ಹಿಡಿದಳು. ಹೆದರಿದವರ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಅಂಬಾಬಾಯಿ ಚೀಲದಿಂದ ಅದೇ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಅಂಥವೇ ಎರಡು ಶೇಂಗಾ ಹೋಳಿಗೆ.

"ತಿನ್ರಿ. ಬಾಯಾಗ ಏನರ ಇದ್ರ ಅಂಜಿಕಿ ಬರೂದಿಲ್ಲ."

ಒಂದು ಹೋಳಿಗೆ ಹೋಯಿತು, ಇನ್ನೊಂದೂ ಹೋಯಿತು. ಆಮೇಲೆ ನೀಲಿಮಾ ಕಣ್ಣು ತೆರೆದಳು.

"ಆವತ್ತ ನಮ್ಮ ಮೈದುನಗ ಮಗಳು ಹುಟ್ಟಿದ್ಲ್ರಿ. ಪುರುಡು ಮುಗಿಯೂತನಕಾ ಮನಿಯಿಂದ ಯಾರಿಗೂ ಏನೂ ಕೊಡೂಹಂಗ ಇರ್ಲಿಲ್ಲ. ಮುಗದ ಮ್ಯಾಲೆ ಉಂಡಿ ಮಾಡಿ ತುಂಬಿ ಕೊಡೋಣ ಅಂತಿದ್ದೆ. ನೀವು ಮರುದಿನನ ಡಬ್ಬಿ ಕಳಸ್ರಿ ಅಂತ ಫೋನ್ ಮಾಡಿದ್ರಿ. ನಾ ಹೇಳೂದ್ರೊಳಗ ಫೋನ್ ಇಟ್ಟಬಿಟ್ರಿ."

ಅಂಬಾಬಾಯಿಗೆ ಕೆಳಗಿನ ನೀರು ನೋಡುವುದೇ ವಾಸಿ ಅನಿಸಿತು. ಫೋನ್ ಮಾಡಿದ್ದು ನಿಜ. ಡಬ್ಬಿ ತವರಿನದು, ಕಣ್ಣ ಮುಂದಿಲ್ಲದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಟ್ರಾಲಿ ಮತ್ತೆ ಹೊರಟಿತು. ನೀಲಿಮಾ ಖಾಲಿಯಾದ ಡಬ್ಬಿ ಒರೆಸಿ, ಪರ್ಸಿನಲ್ಲೆಲ್ಲ ತಡಕಾಡಿದಳು. ಹಾಕಿ ಕೊಡುವಂಥದ್ದು ಏನೂ ಸಿಗಲಿಲ್ಲ. ಕೊನೆಗೆ ತನ್ನ ಮುಡಿಯ ಮಲ್ಲಿಗೆ ದಂಡೆ ತೆಗೆದು ಡಬ್ಬಿಯೊಳಗಿಟ್ಟು ಮುಂದೆ ಹಿಡಿದಳು.

ನಡುಗಡ್ಡೆ ಬಂತು. ಅಂಬಾಬಾಯಿ ಮಲ್ಲಿಗೆ ದಂಡೆಯನ್ನು ಎರಡು ಮಾಡಿ, ಅರ್ಧ ತಾವು ಮುಡಿದು ಅರ್ಧ ನೀಲಿಮಾಳಿಗೆ ಮುಡಿಸಿದರು. ಆಮೇಲೆ ಡಬ್ಬಿಯನ್ನು ಅವಳ ಕೈಗೇ ಮರಳಿ ಕೊಟ್ಟರು.

"ನಿಮ್ಮ ಹತ್ರನ ಇರ್ಲಿ. ಈ ಸಲ ನಾ ಫೋನ್ ಮಾಡೂದಿಲ್ಲ."