ಒಂಟಿಗಾಲಿನ ವ್ಯಾಯಾಮ

ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡಿದ್ದ ವನಮಾಲಾ, ಫಿಸಿಯೋಥೆರಪಿಗೆ ಬಂದ ಮೊದಲ ದಿನವೇ ಒಂದು ಸುಳ್ಳು ಹೇಳಿಬಿಟ್ಟಿದ್ದರು. “ಮನೇಲಿ ಬ್ಯಾಂಡೇಜ್ ಯಾರು ಸುತ್ತಿಕೊಡ್ತಾರೆ?” ಎಂದು ಡಾಕ್ಟರು ಕೇಳಿದಾಗ, ಒಬ್ಬಳೇ ಇದ್ದೀನಿ ಎನ್ನಲು ನಾಲಿಗೆ ಹೊರಳದೆ, “ನಮ್ಮ ಯಜಮಾನರು” ಎಂದಿದ್ದರು.

ಊತ ಇಳಿಯಿತು, ಸುಳ್ಳು ಹಾಗೇ ಉಳಿಯಿತು.

“ಇನ್ನು ಒಂಟಿಗಾಲಲ್ಲಿ ನಿಲ್ಲೋ ವ್ಯಾಯಾಮ. ಬಿದ್ದರೆ ಮತ್ತೆ ಉಳುಕುತ್ತೆ. ನಾಳೆ ಯಜಮಾನರನ್ನ ಕರ್ಕೊಂಡು ಬನ್ನಿ, ಕೈ ಹೇಗೆ ಹಿಡೀಬೇಕು ಅಂತ ತೋರಿಸ್ತೀನಿ” ಎಂದರು ಡಾಕ್ಟರು.

ಮರುದಿನ ಹೊರಗಿನ ಬೆಂಚಿನಲ್ಲಿ, ಎದುರು ಕೋಣೆಯ ಡಾಕ್ಟರಿಗಾಗಿ ಕಾಯುವ ಹಿರಿಯರು ಎಂದಿನಂತೆ ಕೂತಿದ್ದರು. ಅವರ ಕಾಲಿಗೂ ಅಂಥದೇ ಬ್ಯಾಂಡೇಜ್. “ನಮ್ಮನೆಯವಳು ಸುತ್ತಿದ್ದು, ಎಷ್ಟು ಚೆಂದ ನೋಡಿ” ಎಂದು ಬಂದಾಗಲೆಲ್ಲ ತೋರಿಸುತ್ತಿದ್ದರು.

ವನಮಾಲಾ ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟರು. “ಸ್ವಲ್ಪ ಹೊತ್ತು ನನ್ನ ಯಜಮಾನರು ಅಂತ ಒಳಗೆ ಬರ್ತೀರಾ? ನನಗೆ ಯಾರೂ ಇಲ್ಲ. ನಿಮ್ಮನೆಯವರು ತಪ್ಪು ತಿಳೀಬಾರದು, ಅಷ್ಟೇ.”

ಹಿರಿಯರು ತಮ್ಮ ಬ್ಯಾಂಡೇಜನ್ನೇ ನೋಡುತ್ತ ಕೂತರು.

“ಬರ್ತೀನಿ. ಆಮೇಲೆ ನೀವೂ ನನ್ನ ಜೊತೆ ಆ ಕೋಣೆಗೆ ಬರಬೇಕು. ನನಗೂ ಹೆಂಡತೀನ ಕರ್ಕೊಂಡು ಬನ್ನಿ ಅಂದಿದ್ದಾರೆ.”