ಎರ್ಸಿಲಿಯಾಳ ಕಾಲ್ಗುಣ

ಬಾನಿ ಊರಿನ ಬೇಸ್‌ಬಾಲ್ ತಂಡ ಪೆಲಿಕಾನೋಸ್‌ನ ಕೊನೆಯ ಆಟಗಾರ ಬ್ಯಾಟು ಎತ್ತಿ ನಿಂತ ಹೊತ್ತಿಗೇ ಕರೆಂಟು ಹೋಗಿ ಟೀವಿ ಆರಿತು. ತಂಡ ಒಂದು ರನ್ ಹಿಂದಿತ್ತು. ಇವನು ಔಟಾದರೆ ಈ ಸೀಸನ್ನೇ ಮುಗಿದಂತೆ.

"ರೇಡಿಯೋ ಎಲ್ಲೇ?" ಎಂದು ವಿನಿಸಿಯೊ ಕಿರುಚಿದ.

"ಅಮ್ಮನ ಹತ್ರ," ಎಂದಳು ಹೆಂಡತಿ ಯೋಕಾಸ್ತಾ.

ಟೀವಿ ಮುಂದಿದ್ದವರೆಲ್ಲ ಹಿತ್ತಲ ಕಡೆ ನೋಡಿದರು. ಸೀಸನ್ನಿನ ಶುರುವಿನಲ್ಲಿ ಯೋಕಾಸ್ತಾಳ ಅಮ್ಮ ಎರ್ಸಿಲಿಯಾ ಟೀವಿ ಮುಂದೆ ಕೂತಾಗಲೆಲ್ಲ ತಂಡ ಸೋತಿತ್ತು. ಅವಳ ಕಾಲ್ಗುಣವೇ ಸರಿಯಿಲ್ಲವೆಂದು ಅಳಿಯ ತೀರ್ಮಾನಿಸಿದ್ದ. ಅಂದಿನಿಂದ ಆಟವಿದ್ದಾಗಲೆಲ್ಲ ಮುದುಕಿ ತನ್ನದೇ ಮನೆಯ ಹಿತ್ತಲಲ್ಲಿ ಬಾಳೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ತಂಡ ಗೆಲ್ಲತೊಡಗಿದ ಮೇಲೆ ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಎಲ್ಲರೂ ಹಿತ್ತಲಿಗೆ ನುಗ್ಗಿದರು. ಎರ್ಸಿಲಿಯಾ ಗಾಬರಿಯಿಂದ ರೇಡಿಯೋ ಚಾಚಿದಳು. "ತಗೊಳ್ಳಿ ಅಳಿಯಂದ್ರೇ, ನಾನು ಬೀದಿಗೆ ಹೋಗ್ತೀನಿ. ಸೋತ್ರೆ ನನ್ ತಲೆಗೇ ಕಟ್ತೀರ."

ಅವಳು ಏಳುವ ಮೊದಲೇ ರೇಡಿಯೋ ಅರಚಿತು. ಚೆಂಡು ಮೈದಾನದ ಗೋಡೆ ದಾಟಿತ್ತು. ಮೂರನೇ ಬೇಸಿನಲ್ಲಿದ್ದವನೂ ಹೊಡೆದವನೂ ಓಡಿಬಂದು ಎರಡು ರನ್ ಸೇರಿದವು. ಪೆಲಿಕಾನೋಸ್ ಫೈನಲ್ ತಲುಪಿತ್ತು.

"ನಾನು ಇಲ್ಲೇ ಇದ್ದೆ," ಎಂದಳು ಎರ್ಸಿಲಿಯಾ. "ಎಲ್ರೂ ನೋಡಿದ್ರಲ್ಲ? ಇಲ್ಲೇ ಇದ್ದೆ."

ವಿನಿಸಿಯೊ ತಲೆ ಕೆರೆದುಕೊಂಡ. "ಹೂಂ ಅತ್ತೆ. ಫೈನಲ್ ದಿನ ನಮ್ ಜೊತೆನೇ ಕೂತ್ಕೊಳ್ಳಿ."

ಕರೆಂಟು ಬಂತು. ಎರ್ಸಿಲಿಯಾ ಚಾಕು ಕೆಳಗಿಟ್ಟು ಒಳಗೆ ಹೋದಳು. ಟೀವಿ ಮುಂದಿದ್ದ ಅಳಿಯನ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು.

"ಅರ್ಧದಷ್ಟು ಬಾಳೆಕಾಯಿ ಹಾಗೇ ಇದೆ, ಅಳಿಯಂದ್ರೇ," ಎಂದು ಅಲ್ಲಿಂದಲೇ ಕೂಗಿದಳು. "ಸುಲಿದುಬಿಡಿ."